ಯಾದಗಿರಿಯ ಮೀನು ಘಟಕದ ರಿಪೋರ್ಟಿನಲ್ಲಿ ಸಮುದ್ರ ಎಲ್ಲಿಂದ ಬಂತು?

ಸುರಪುರದ ಸೊಸೆ

ಎಲ್ಲರಿಗೂ ನಮಸ್ಕಾರ. ಇಟಿಪಿ (ತ್ಯಾಜ್ಯ ನೀರು ಶುದ್ಧ ಮಾಡುವ ಘಟಕ), ಮಾಲಿನ್ಯ ನಿಯಂತ್ರಣ ಮಂಡಳಿ, ಇದರ ಬಗ್ಗೆ ಗೊತ್ತಿರುವವರು ಇದ್ದರೆ ಸ್ವಲ್ಪ ದಾರಿ ತೋರಿಸಿ.

ನಮ್ಮ ಮನೆಯವರು, ಮೈದುನ ಸೇರಿ ಒಂದು ಸಣ್ಣ ಘಟಕ ಹಾಕಬೇಕು ಅಂತಿದ್ದಾರೆ. ನಾರಾಯಣಪುರ ಡ್ಯಾಮಿನ ಹಿನ್ನೀರಿನ ಮೀನು ತಂದು, ಹೊಟ್ಟೆ ಸೀಳಿ ಶುಚಿ ಮಾಡಿ, ತುಂಡು ಮಾಡಿ, ಪ್ಯಾಕ್ ಮಾಡಿ ಕಲಬುರಗಿಗೂ ಹೈದರಾಬಾದಿಗೂ ಕಳಿಸೋದು. ಕಾಟ್ಲಾ, ರೋಹು, ಜಿಲೇಬಿ (ತಿಲಾಪಿಯಾ), ಅಷ್ಟೇ. ದಿನಕ್ಕೆ ಒಂದೂವರೆ ಟನ್ ಆಗಬಹುದು. ಸಾಲಕ್ಕೆ ಪ್ರಾಜೆಕ್ಟ್ ರಿಪೋರ್ಟ್ ಬೇಕು ಅಂದರು. ಕರಾವಳಿ ಕಡೆಯ ಒಬ್ಬ ಕನ್ಸಲ್ಟೆಂಟ್ ಹತ್ತಿರ ಮಾಡಿಸಿದೆವು. ದುಡ್ಡು ಮಾತ್ರ ಮೊದಲೇ ಎಣಿಸಿಕೊಂಡರು.

ರಿಪೋರ್ಟ್ ಬಂತು. ಸ್ಪೈರಲ್ ಬೈಂಡಿಂಗ್, ಬಣ್ಣದ ಮುಖಪುಟ. ನಮ್ಮ ಮನೆಯಲ್ಲಿ ಇಂಥದ್ದನ್ನೆಲ್ಲ ಓದುವವಳು ನಾನೊಬ್ಬಳೇ. ತ್ಯಾಜ್ಯ ನೀರಿನ ಪುಟಕ್ಕೆ ಬಂದೆ. ಶುದ್ಧ ಮಾಡಿದ ನೀರನ್ನು ಪೈಪಿನಲ್ಲಿ ಸಮುದ್ರ ತೀರದ ನೀರಿಗೆ ಬಿಡಲಾಗುವುದು, ಬಿಓಡಿ (ನೀರಿನ ಕೊಳೆಯ ಅಳತೆಯಂತೆ) 100 ಮೀರುವುದಿಲ್ಲ ಅಂತ ಇದೆ. ಇನ್ನೊಂದು ಪುಟದಲ್ಲಿ ಬಂಗುಡೆ, ಬೊಂಡಾಸ್ (ಸ್ಕ್ವಿಡ್) ಅಂತ ಸಮುದ್ರದ ಮೀನಿನ ಹೆಸರು ಹಾಗೇ ಉಳಿದಿವೆ. ಯಾರದೋ ರಿಪೋರ್ಟಿಗೆ ನಮ್ಮ ಹೆಸರು ಅಂಟಿಸಿ ಕೊಟ್ಟಿದ್ದಾರೆ ಅಲ್ವಾ? ಫೋನ್ ಮಾಡಿದರೆ, "ಮೇಡಂ, ಯಾವ ಮೀನಾದರೂ ಫಾರ್ಮ್ಯಾಟ್ ಒಂದೇ" ಅಂದರು. ಸುರಪುರದಿಂದ ಸಮುದ್ರಕ್ಕೆ ಪೈಪ್ ಎಳೆಯೋಕೆ ಎಷ್ಟು ಖರ್ಚಾಗುತ್ತೆ ಅಂತ ಕೇಳಿದೆ. ಫೋನ್ ಕಟ್ ಆಯಿತು.

ಈ 100 ನಮಗೆ ನಡೆಯುತ್ತಾ? ಇಲ್ಲದಿದ್ದರೆ ನಮಗೆ ಎಷ್ಟು? ಸಮುದ್ರದ ಕಡೆಯ ದೊಡ್ಡ ಫ್ಯಾಕ್ಟರಿಗಳು ಈ ನೀರನ್ನು ನಿಜವಾಗಿ ಏನು ಮಾಡುತ್ತವೆ? ನಮ್ಮ ಜಾಗದ ಹತ್ತಿರ ಒಂದು ಹಳ್ಳ ಇದೆ, ಅದು ಮುಂದೆ ಹೋಗಿ ಕೃಷ್ಣೆಗೆ ಸೇರುತ್ತೆ. ಅದೇ ಹಳ್ಳದಲ್ಲಿ ಊರ ಹೆಣ್ಣುಮಕ್ಕಳು ಬಟ್ಟೆ ಒಗೆಯುತ್ತಾರೆ, ಎಮ್ಮೆ ಮೈ ತೊಳೆಯುತ್ತಾರೆ. ನಾಳೆ ಮಂದಿ ಬಾಗಿಲಿಗೆ ಬಂದು ನಿಂತರೆ ಉತ್ತರ ಕೊಡುವವಳು ನಾನೇ. ಗಂಡಸರು ಡ್ಯಾಮಿನ ಕಡೆ ಇರುತ್ತಾರೆ.

ತೊಗರಿ ಕಣಜ

ಅಕ್ಕಾ, ಒಂದೂವರೆ ಟನ್ ಮೀನಿಗೆ ಇಷ್ಟೆಲ್ಲ ತಲೆ ಕೆಡಿಸಿಕೊಳ್ಳಬೇಕಾ? ಊರೂರ ಸಂತೆಯಲ್ಲಿ ಮೀನು ತೊಳೆದ ನೀರು ಸೀದಾ ಗಟಾರಕ್ಕೆ ಹೋಗುತ್ತೆ, ಯಾರು ಕೇಳ್ತಾರೆ. ಒಂದು ಇಂಗುಗುಂಡಿ ತೋಡಿಸಿ, ಮೇಲೆ ಜಲ್ಲಿ ಹಾಕಿಸಿ. ಆಯ್ತು ಹೋಯ್ತು. ರಿಪೋರ್ಟಿನಲ್ಲಿ ಸಮುದ್ರ ಇದ್ದರೇನು, ಸಾಗರ ಇದ್ದರೇನು, ಸಾಲ ಪಾಸಾದರೆ ಸಾಕು.

ಚಿತ್ತಾಪುರ ಕೆಮಿಸ್ಟ್

ತೊಗರಿ ಅಣ್ಣಾ, ಇಂಗುಗುಂಡಿ ಮಾತು ಬಿಡಿ. ನಮ್ಮ ಎರೆ ಮಣ್ಣಿನಲ್ಲಿ ಮಳೆ ನೀರೇ ಸರಿಯಾಗಿ ಇಂಗಲ್ಲ, ಮೀನಿನ ಕೊಬ್ಬು ಇಂಗುತ್ತಾ? ಸ್ವಲ್ಪ ದಿನಕ್ಕೆ ಗುಂಡಿಯ ಬಾಯಿ ಕಟ್ಟುತ್ತೆ, ನೀರು ಮೇಲೆ ಬಂದು ನಾರುತ್ತೆ. ಗುಂಡಿ ಕಟ್ಟದೆ ಇಂಗಿದರೆ ಇನ್ನೂ ಕಷ್ಟ, ಅದು ಹೋಗೋದು ಪಕ್ಕದ ಬೋರ್‌ವೆಲ್ಲಿಗೆ.

ತಂಗಿ, ನಾನು ಚಿತ್ತಾಪುರದವನು. ಕರಾವಳಿಯ ಒಂದು ಸೀಫುಡ್ ಫ್ಯಾಕ್ಟರಿಯಲ್ಲಿ ಇಟಿಪಿ ಕೆಮಿಸ್ಟ್ ಆಗಿದ್ದೆ. ಈಗ ಕಲಬುರಗಿಗೆ ವಾಪಸ್ ಬಂದು ಹಾಲಿನ ಲ್ಯಾಬ್ ನೋಡಿಕೊಳ್ಳುತ್ತಿದ್ದೇನೆ. ಮೀನಿನ ನೀರಿನ ವಾಸನೆ ಹಿಡಿದೇ ಅದು ಇವತ್ತಿನದೋ ನಿನ್ನೆಯದೋ ಹೇಳಬಲ್ಲೆ. ಜಂಬ ಅಲ್ಲ, ಕರ್ಮ.

ಮೊದಲು ನಿಮ್ಮ 100ರ ಕಥೆ. 1986ರ ಪರಿಸರ ಸಂರಕ್ಷಣಾ ನಿಯಮಗಳಲ್ಲಿ ಒಂದು ಸಾಮಾನ್ಯ ಪಟ್ಟಿ ಇದೆ. ನೀರು ಎಲ್ಲಿಗೆ ಬಿಡುತ್ತೀರಿ ಅನ್ನೋದರ ಮೇಲೆ ಅದರಲ್ಲಿ ನಾಲ್ಕು ಕಾಲಂ. ಹೊಳೆ, ಹಳ್ಳ, ಕೆರೆಗೆ ಬಿಟ್ಟರೆ ಬಿಓಡಿ ಲೀಟರಿಗೆ 30 ಮಿಲಿಗ್ರಾಂ ಮೀರಬಾರದು. ಊರಿನ ಒಳಚರಂಡಿಗೆ 350. ಹೊಲಕ್ಕೆ ಹಾಯಿಸಿದರೆ 100. ಸಮುದ್ರ ತೀರಕ್ಕೂ 100. ನಿಮ್ಮ ಕನ್ಸಲ್ಟೆಂಟ್ ಈ ಕೊನೆಯ ಕಾಲಂ ಎತ್ತಿ ಹಾಕಿದ್ದಾರೆ. ಮಜಾ ಏನಂದ್ರೆ ಅದು ಅವರ ಕರಾವಳಿಗೇ ಸರಿ ಇಲ್ಲ. ಅದೇ ನಿಯಮಗಳಲ್ಲಿ ಕಸಾಯಿಖಾನೆ, ಮಾಂಸದ ಜೊತೆಗೆ ಸೀಫುಡ್ ಉದ್ಯಮಕ್ಕೂ ಬೇರೆ ಸಾಲು ಇದೆ: ಬಿಓಡಿ 30, ತೇಲುವ ಕಣ 50, ಎಣ್ಣೆ ಜಿಡ್ಡು 10. ಅಂದರೆ ಸಮುದ್ರದ ದಂಡೆಯಲ್ಲಿ ಸಿಗಡಿ ಸುಲಿಯುವವರಿಗೂ 30. ಉದ್ಯಮಕ್ಕೆ ಅಂತ ಪ್ರತ್ಯೇಕ ಅಂಕಿ ಇದ್ದಾಗ ಸಾಮಾನ್ಯ ಪಟ್ಟಿಯ ಹಿಂದೆ ಅಡಗಿಕೊಳ್ಳೋಕೆ ಆಗಲ್ಲ. ನೀವು ಹಳ್ಳಕ್ಕೆ ಬಿಡೋದಾದರೆ ಯಾವ ಕಡೆಯಿಂದ ನೋಡಿದರೂ 30.

ಬಿಓಡಿ ಅಂದರೆ ಹೆದರಬೇಡಿ. ನೀರಿನಲ್ಲಿರುವ ರಕ್ತ, ಕೊಬ್ಬು, ಮಾಂಸದ ರಸವನ್ನು ಸೂಕ್ಷ್ಮಜೀವಿಗಳು ತಿಂದು ಮುಗಿಸೋಕೆ ಎಷ್ಟು ಆಮ್ಲಜನಕ ಬೇಕು ಅನ್ನೋ ಲೆಕ್ಕ. ಬಾಟಲಿಯನ್ನು 27 ಡಿಗ್ರಿಯಲ್ಲಿ ಮೂರು ದಿನ ಇಟ್ಟು ನೋಡುತ್ತಾರೆ. ಆ ಆಮ್ಲಜನಕ ಹಳ್ಳದ ನೀರಿನಿಂದ ಹೋದರೆ ಹಳ್ಳದ ಮೀನು ಉಸಿರು ಕಟ್ಟಿ ಸಾಯುತ್ತೆ.

ಸಮುದ್ರದ ಕಡೆ ಏನು ಮಾಡುತ್ತಾರೆ ಅಂತ ಕೇಳಿದಿರಿ. ಸಮುದ್ರ ದೊಡ್ಡದು, ಎಲ್ಲ ನುಂಗುತ್ತೆ ಅನ್ನೋದು ಎಲ್ಲರ ತಲೆಯಲ್ಲೂ ಇರುತ್ತೆ. ಆದರೆ ಎಷ್ಟೋ ಕಡೆ ಪೈಪ್ ತೆರೆಯೋದು ನಡುಸಮುದ್ರಕ್ಕಲ್ಲ, ನದಿ ಸಮುದ್ರ ಸೇರುವ ಅಳಿವೆಗೆ, ಇಲ್ಲವೇ ದಂಡೆಯ ಹಿಂದಿನ ತೋಡಿಗೆ. ಬೇಸಿಗೆಯಲ್ಲಿ ನದಿಯಲ್ಲಿ ನೀರು ಇರಲ್ಲ, ಅಳಿವೆ ನಿಂತ ಕೆರೆಯ ಹಾಗೆ ಆಗುತ್ತೆ. ಇಳಿತ ಇದ್ದಾಗ ಬಿಟ್ಟದ್ದನ್ನು ಭರತ ವಾಪಸ್ ತಂದು ಅದೇ ದಂಡೆಗೆ ಒಗೆಯುತ್ತೆ. ದಡದಲ್ಲಿ ಮರುವಾಯಿ (ಚಿಪ್ಪುಮೀನು) ಆಯುವ ಹೆಂಗಸರು ಇದನ್ನು ನಮಗಿಂತ ಮೊದಲೇ ಹೇಳುತ್ತಿದ್ದರು. ಲ್ಯಾಬ್ ರಿಪೋರ್ಟ್ ಬರೋದು ಆಮೇಲೆ.

ಬೊಂಡಾಸ್ ಲಾರಿ ಬಂದ ದಿನ ನೋಡಬೇಕಿತ್ತು. ಅದರ ಮಸಿ ಚೀಲ ಒಡೆದು ಚರಂಡಿ ಪೂರ್ತಿ ಕಪ್ಪು. ಜಾಳಿಗೆಯ ಮೇಲೆ ತೆಳ್ಳಗಿನ ಗಾಜಿನಂಥ ಮೂಳೆಗಳು ಅಡ್ಡ ಬಿದ್ದು ನೀರು ಉಕ್ಕುತ್ತೆ. ಒಬ್ಬ ಹುಡುಗ ಗಮ್‌ಬೂಟ್ ಹಾಕಿಕೊಂಡು ಕೈಯಲ್ಲೇ ಬಾಚಿ ತೆಗೆಯಬೇಕು. ಮದಿಮಾಳ್ ಮೀನಿನಿಂದ ಸುರಿಮಿ (ಮೀನಿನ ಮಾಂಸದ ಮುದ್ದೆ) ಮಾಡುವ ಕಡೆ ಕೊಚ್ಚಿದ ಮಾಂಸವನ್ನು ಮತ್ತೆ ಮತ್ತೆ ತೊಳೆಯುತ್ತಾರೆ, ಆ ತೊಳೆದ ನೀರಿನಲ್ಲೇ ಪ್ರೋಟೀನ್ ಹೋಗುತ್ತೆ. ಫಿಶ್‌ಮೀಲ್ (ಮೀನು ಹಿಟ್ಟಿನ) ಕಾರ್ಖಾನೆಯದು ಇನ್ನೂ ಬೇರೆ. ಬೇಯಿಸಿ ಹಿಂಡಿದ ಮೇಲೆ ಉಳಿಯುವ ರಸದ ಬಿಓಡಿ ಹತ್ತಾರು ಸಾವಿರ ಇರುತ್ತೆ. ಅದನ್ನು ಇಟಿಪಿಗೆ ಹಾಕೋದು ದಡ್ಡತನ, ಕುದಿಸಿ ಗಟ್ಟಿ ಮಾಡಿ ವಾಪಸ್ ಹಿಟ್ಟಿಗೇ ಸೇರಿಸಬೇಕು. ಕುದಿಸೋಕೆ ಉರುವಲು ಖರ್ಚು. ಆ ಖರ್ಚು ಉಳಿಸುವ ಆಸೆಯೇ ಎಲ್ಲ ರಗಳೆಗೂ ಮೂಲ.

ಮೇಲೆ ಉಪ್ಪು ಬೇರೆ. ನೀರಿನಲ್ಲಿ ಉಪ್ಪು ಒಂದು ದಿನ ಜಾಸ್ತಿ, ಒಂದು ದಿನ ಕಡಿಮೆ ಆದರೆ ಇಟಿಪಿ ಟ್ಯಾಂಕಿನಲ್ಲಿ ಕೊಳೆ ತಿನ್ನುವ ಸೂಕ್ಷ್ಮಜೀವಿಗಳು ಕೆಲಸ ಬಿಡುತ್ತವೆ, ಸ್ಲಡ್ಜ್ (ಕೆಸರು) ಕೆಳಗೆ ಕೂರದೆ ತೇಲುತ್ತೆ. ಸಿಓಡಿ ಪರೀಕ್ಷೆಯಲ್ಲಿ (ಕೊಳೆಯನ್ನು ಕೆಮಿಕಲ್ ಹಾಕಿ ಅಳೆಯೋದು) ಮರ್ಕ್ಯುರಿಕ್ ಸಲ್ಫೇಟ್ ಸಾಕಷ್ಟು ಹಾಕದಿದ್ದರೆ ಉಪ್ಪೇ ಸುಳ್ಳು ಅಂಕಿ ತೋರಿಸುತ್ತೆ. ಸಂಜೆ ಟೇಬಲ್ ತೊಳೆದ ಕ್ಲೋರಿನ್ ನೀರನ್ನು ಒಮ್ಮೆಲೇ ಟ್ಯಾಂಕಿಗೆ ಬಿಟ್ಟರೆ ಮರುದಿನ ಎಲ್ಲ ಮತ್ತೆ ಮೊದಲಿನಿಂದ.

ಈಗ ನನ್ನ ತಕರಾರು. ನಮ್ಮ ಕಾನೂನು ಮೀನಿನ ವಿಷಯದಲ್ಲಿ ಲೀಟರ್ ನೋಡುತ್ತೆ, ಕೆಜಿ ನೋಡಲ್ಲ. ನಿಮ್ಮ ಲೆಕ್ಕವನ್ನೇ ತಗೊಳ್ಳಿ. ಒಂದೂವರೆ ಟನ್ ಮೀನು, ಕೆಜಿಗೆ ಹತ್ತು ಲೀಟರ್ ನೀರು ಅಂತ ಹಿಡಿಯಿರಿ. 15,000 ಲೀಟರ್ ಆಯಿತು. ಬಿಓಡಿ 1,500 ಅಂದುಕೊಂಡರೆ ದಿನಕ್ಕೆ ಇಪ್ಪತ್ತೆರಡೂವರೆ ಕೆಜಿ ಕೊಳೆ. ಅದೇ ಕೆಲಸಕ್ಕೆ ಐದು ಪಟ್ಟು ನೀರು ಸುರಿದರೆ ಬಿಓಡಿ 300ಕ್ಕೆ ಇಳಿಯುತ್ತೆ, ಕೊಳೆ ಅಷ್ಟೇ. ಎರಡನ್ನೂ ಶುದ್ಧ ಮಾಡಿ 30ಕ್ಕೆ ತಂದರೆ ಇಬ್ಬರೂ ಕಾನೂನಿನ ಪ್ರಕಾರ ಪಾಸ್. ಆದರೆ ನೀರು ಉಳಿಸಿದವನ ಪೈಪಿನಿಂದ ಹೋಗೋದು ದಿನಕ್ಕೆ 450 ಗ್ರಾಂ, ನೀರು ಪೋಲು ಮಾಡಿದವನ ಪೈಪಿನಿಂದ ಎರಡೂಕಾಲು ಕೆಜಿ. ಕಾನೂನಿನ ಕಣ್ಣಿಗೆ ಇಬ್ಬರೂ ಒಂದೇ. ಇದು ಯಾವ ನ್ಯಾಯ ಹೇಳಿ?

ಅಮೆರಿಕಾದಲ್ಲಿ 1970ರ ದಶಕದಿಂದಲೇ ಸೀಫುಡ್ ಕಾರ್ಖಾನೆಗಳಿಗೆ ಇಷ್ಟು ಮೀನಿಗೆ ಇಷ್ಟು ಕೆಜಿ ಅಂತ ಮಿತಿ ಇದೆ. ನೀರು ಸುರಿದು ಪ್ರಯೋಜನ ಇಲ್ಲ. (ಅಲ್ಲೂ ಎಲ್ಲ ಚೆನ್ನಾಗಿಲ್ಲ. ಅಲಾಸ್ಕಾದ ದೂರದ ಜಾಗಗಳಲ್ಲಿ ಮೀನಿನ ಕಸವನ್ನು ಅರ್ಧ ಇಂಚಿಗೆ ಅರೆದು ಬಿಟ್ಟರೆ ಸಾಕು ಅಂತ ಬಿಟ್ಟುಬಿಟ್ಟರು. ಅದು ಸಮುದ್ರದ ತಳದಲ್ಲಿ ರಾಶಿ ಬಿತ್ತು.) ನಮ್ಮಲ್ಲಿ ಇದು ಗೊತ್ತಿಲ್ಲ ಅಂತಲ್ಲ. ಸಕ್ಕರೆ ಕಾರ್ಖಾನೆಗಳಿಗೆ 2016ರಲ್ಲಿ ಟನ್ ಕಬ್ಬಿಗೆ 200 ಲೀಟರಿಗಿಂತ ಜಾಸ್ತಿ ನೀರು ಹೊರಗೆ ಬಿಡಬಾರದು ಅಂತ ಬಂತಲ್ಲ, ಆಳಂದ, ಅಫಜಲಪುರದ ಕಡೆಯವರಿಗೆ ಗೊತ್ತಿರುತ್ತೆ. ಕಬ್ಬಿಗೆ ಆಗುವುದು ಮೀನಿಗೆ ಯಾಕೆ ಆಗಬಾರದು?

ಹಾಗಾಗಿ ತಂಗಿ, ನೀವು ದುಡ್ಡು ಹಾಕಬೇಕಾದ್ದು ಕತ್ತರಿಸುವ ಟೇಬಲ್ಲಿಗೆ. ಇಟಿಪಿ ಆಮೇಲೆ. ಹೊಟ್ಟೆಯ ಭಾಗ, ರಕ್ತ, ಚಿಪ್ಪು ಬೇರೆ ಬುಟ್ಟಿಗೆ ಬೀಳಲಿ, ನೆಲಕ್ಕೆ ಬೀಳಬಾರದು. ಬಿದ್ದರೆ ಮೊದಲು ರಬ್ಬರ್ ವೈಪರಿನಿಂದ ಬಳಿದು ತೆಗೆಯಿರಿ, ಆಮೇಲೆ ಪೈಪ್ ಹಿಡಿಯಿರಿ. ಪೈಪಿನ ತುದಿಗೆ ಒತ್ತಿದರೆ ಮಾತ್ರ ನೀರು ಬರುವ ಗನ್ ಹಾಕಿಸಿ. ಚರಂಡಿಯ ಬಾಯಿಗೆ ಜಾಳಿಗೆ ಹಾಕಿಸಿ, ಗಂಟೆಗೊಮ್ಮೆ ಅದನ್ನು ಖಾಲಿ ಮಾಡಿಸಿ. ಜಾಳಿಗೆಯ ಮೇಲೆ ಮಾಂಸದ ಚೂರು ಬಿಟ್ಟು ಅದರ ಮೇಲೆ ನೀರು ಹರಿಸುತ್ತಿದ್ದರೆ ಅದು ಕರಗಿ ನೀರಿಗೇ ಸೇರುತ್ತೆ, ಆಮೇಲೆ ಯಾವ ಜಾಳಿಗೆಯೂ ಹಿಡಿಯಲ್ಲ. ಹೊಟ್ಟೆಯ ಭಾಗವನ್ನು ಅರೆದು, ನೂರು ಕೆಜಿಗೆ ಮೂರೂವರೆ ಕೆಜಿಯಷ್ಟು ಫಾರ್ಮಿಕ್ ಆಸಿಡ್ ಕಲಸಿ ಪ್ಲಾಸ್ಟಿಕ್ ಡ್ರಮ್ಮಿನಲ್ಲಿಟ್ಟರೆ ಕೊಳೆಯಲ್ಲ, ಮೇವಿಗೆ ಹೋಗುತ್ತೆ. ಆಸಿಡ್ ಮುಟ್ಟುವಾಗ ಕೈಗವಸು, ಕನ್ನಡಕ ಬೇಕೇ ಬೇಕು.

ಬೀದರ ಬಿದರಿ

ಕೆಮಿಸ್ಟ್ ಅಣ್ಣಾವ್ರೆ, ಓದೋಕೆ ಚೆನ್ನಾಗಿದೆ. ಆದರೆ 30 ಆಗಲಿ 100 ಆಗಲಿ, ಅಳೆಯುವವರು ಯಾರು? ನಮ್ಮ ಹೊಲ ಬೀದರ ಹತ್ತಿರ, ಒಂದು ಕೈಗಾರಿಕಾ ಪ್ರದೇಶದ ಕೆಳಗೆ. ಮೀನಲ್ಲ, ಔಷಧಿ ಕೆಮಿಕಲ್. ಹಗಲು ಎಲ್ಲ ಸರಿ ಇರುತ್ತೆ. ಜೋರು ಮಳೆ ಬಂದ ರಾತ್ರಿ ನಾಲೆಯಲ್ಲಿ ನೊರೆ. ಬೆಳಿಗ್ಗೆ ಬಾವಿಯಲ್ಲಿ ಬಕೆಟ್ ಇಳಿಸಿದರೆ ನೀರಿನ ಮೇಲೆ ಬಣ್ಣ ಬಣ್ಣದ ಪದರ, ದನ ಮೂಸಿ ಮುಖ ತಿರುಗಿಸುತ್ತದೆ. ಅರ್ಜಿ ಕೊಟ್ಟರೆ ಬರುತ್ತಾರೆ, ಯಾವಾಗ? ಬಿಸಿಲು ಬಿದ್ದ ಮೇಲೆ. ಸ್ಯಾಂಪಲ್ ತಗೊಂಡು ಹೋಗುತ್ತಾರೆ, ಎಲ್ಲ ಮಿತಿಯೊಳಗೆ ಇದೆ ಅಂತ ಕಾಗದ ಬರುತ್ತೆ. ನಾನೇ ಒಮ್ಮೆ ಬಿಸ್ಲೆರಿ ಬಾಟಲಿಯಲ್ಲಿ ತುಂಬಿಕೊಂಡು ಆಫೀಸಿಗೆ ಹೋದೆ. ಮೇಜಿನ ಮೇಲೆ ಇಡೋಕೂ ಬಿಡಲಿಲ್ಲ.

ಸುರಪುರದ ಅಕ್ಕಾ, ನೀವು ಒಳ್ಳೆಯವರು, ಕೇಳುತ್ತಿದ್ದೀರಿ. ಕೇಳದವರೇ ಜಾಸ್ತಿ.

ಚಿತ್ತಾಪುರ ಕೆಮಿಸ್ಟ್

ಬಿದರಿ ಅಣ್ಣಾ, ನಿಮ್ಮ ಸಿಟ್ಟು ಸರಿ ಇದೆ. ಬಾಟಲಿ ಯಾಕೆ ತಗೊಳ್ಳಲಿಲ್ಲ ಅಂದರೆ, 1974ರ ಜಲ ಕಾಯ್ದೆಯ 21ನೇ ಕಲಂ ಪ್ರಕಾರ ತೆಗೆದ ಸ್ಯಾಂಪಲ್ ಮಾತ್ರ ಕೋರ್ಟಿನಲ್ಲಿ ನಿಲ್ಲುತ್ತೆ. ಅಧಿಕಾರಿ ನೋಟಿಸ್ ಕೊಡಬೇಕು. ಫ್ಯಾಕ್ಟರಿಯವರ ಎದುರೇ ನೀರನ್ನು ಎರಡು ಪಾಲು ಮಾಡಬೇಕು. ಎರಡಕ್ಕೂ ಸೀಲ್, ಇಬ್ಬರದೂ ಸಹಿ. ಇದರಲ್ಲಿ ಒಂದು ತಪ್ಪಿದರೂ ವಕೀಲರು ಅದನ್ನೇ ಹಿಡಿದು ಎಳೆಯುತ್ತಾರೆ. ಈ ರೀತಿ ರಿವಾಜು ಮುಗಿಯುವ ಹೊತ್ತಿಗೆ ನೊರೆ ಹತ್ತು ಊರು ದಾಟಿರುತ್ತೆ, ಅದೂ ನಿಜ.

ನಾನು ಕೆಲಸ ಮಾಡಿದ ಕಡೆ ಒಬ್ಬ ಅಧಿಕಾರಿ ಬರುತ್ತಿದ್ದರು. ನೀರಿನ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ಸೀದಾ ಇಟಿಪಿಯ ಕರೆಂಟ್ ಮೀಟರ್ ಹತ್ತಿರ ಹೋಗಿ ಚಷ್ಮಾ ಏರಿಸಿ ರೀಡಿಂಗ್ ಬರೆದುಕೊಳ್ಳುತ್ತಿದ್ದರು. ಟ್ಯಾಂಕಿಗೆ ಗಾಳಿ ಊದುವ ಹತ್ತು ಎಚ್‌ಪಿ ಬ್ಲೋವರ್ ಇಪ್ಪತ್ತು ತಾಸು ಓಡಿದೆ ಅಂತ ಲಾಗ್‌ಬುಕ್ಕಿನಲ್ಲಿದ್ದರೆ ದಿನಕ್ಕೆ ಹತ್ತಿರ ಹತ್ತಿರ 150 ಯೂನಿಟ್ ಬಿದ್ದಿರಬೇಕು. ಮೀಟರಿನಲ್ಲಿ ನಲವತ್ತು ಇದ್ದರೆ ರಾತ್ರಿ ಏನಾಯಿತು ಅಂತ ಯಾರೂ ಬಾಯಿ ಬಿಡಬೇಕಾಗಿಲ್ಲ. ನಮ್ಮ ಮ್ಯಾನೇಜರ್ ಅವರ ಜೀಪ್ ಕಂಡರೆ ಲ್ಯಾಬ್ ಬಿಟ್ಟು ಮೀಟರ್ ರೂಮಿಗೆ ಓಡುತ್ತಿದ್ದರು.

ನಿಮ್ಮ ಅರ್ಜಿಯಲ್ಲಿ ನೊರೆಯ ಫೋಟೋ, ದಿನ, ಹೊತ್ತು ಹಾಕಿ. ಜೊತೆಗೆ ಆ ದಿನಗಳ ಇಟಿಪಿ ಕರೆಂಟ್ ಮೀಟರ್ ಮತ್ತು ಫ್ಲೋ ಮೀಟರ್ ದಾಖಲೆ ಪರಿಶೀಲಿಸಿ ಅಂತ ಬರೆಯಿರಿ. ಇನ್ನೊಂದು. ಯಾವ ಕಾರ್ಖಾನೆಗೆ ಯಾವ ಷರತ್ತಿನ ಮೇಲೆ ಕನ್ಸೆಂಟ್ (ಮಂಡಳಿಯ ಅನುಮತಿ) ಕೊಟ್ಟಿದ್ದಾರೆ ಅನ್ನೋ ರಿಜಿಸ್ಟರ್ ಮಂಡಳಿ ಇಡಲೇಬೇಕು. ತೊಂದರೆ ಅನುಭವಿಸುವ ಯಾರು ಬೇಕಾದರೂ ಅದನ್ನು ನೋಡಬಹುದು, 25ನೇ ಕಲಂನ 6ನೇ ಉಪಕಲಂ. ಎಷ್ಟು ನೀರು, ಎಲ್ಲಿಗೆ, ಯಾವ ಮಿತಿ, ಎಲ್ಲ ಅದರಲ್ಲಿರುತ್ತೆ. ಎಷ್ಟೋ ಕಡೆ ಹೊರಗೆ ಒಂದು ಹನಿಯೂ ಬಿಡಬಾರದು ಅಂತಲೇ ಷರತ್ತು ಇರುತ್ತೆ. ನಿಮ್ಮ ಮೇಲಿನವರಿಗೂ ಹಾಗೇ ಇದ್ದರೆ ಬಿಓಡಿ ಎಷ್ಟು ಅನ್ನೋ ವಾದವೇ ಬೇಡ. ನಾಲೆಯಲ್ಲಿ ಅವರ ನೀರು ಇದ್ದದ್ದೇ ತಪ್ಪು.

ತೊಗರಿ ಕಣಜ

ಸರಿ, ಇಂಗುಗುಂಡಿ ಕ್ಯಾನ್ಸಲ್. ಒಂದು ಡೌಟು. ಸಮುದ್ರದ ಕಡೆ ಸಿಆರ್‌ಝಡ್ (ಕರಾವಳಿ ನಿಯಂತ್ರಣ ವಲಯ) ಅಂತಾರಲ್ಲ, ಅದು ನಮಗೆ ಬರುತ್ತಾ?

ಚಿತ್ತಾಪುರ ಕೆಮಿಸ್ಟ್

ಇಲ್ಲ. ಅದು ಭರತದ ಗೆರೆಯಿಂದ 500 ಮೀಟರ್ ಒಳಗಿನ, ಅಳಿವೆ ಹಿನ್ನೀರಿನ ದಂಡೆಯ ಜಾಗಕ್ಕೆ. 2019ರ ಅಧಿಸೂಚನೆಯಲ್ಲಿ ಅಲ್ಲಿ ಹೊಸ ಮೀನು ಸಂಸ್ಕರಣಾ ಘಟಕವನ್ನೇ ನಿಷೇಧಿಸಿದ್ದಾರೆ, ಶುದ್ಧ ಮಾಡದ ನೀರು ಬಿಡೋದೂ ನಿಷೇಧ. ತಂಗಿಯ ರಿಪೋರ್ಟಿನಲ್ಲಿ ಸಿಆರ್‌ಝಡ್ ಪುಟವೂ ಇದ್ದರೆ ನಗಬೇಡಿ, ಕಿತ್ತು ಹಾಕಿ.

ಸುರಪುರದ ಸೊಸೆ

ಇದೆ ಅಣ್ಣಾ. ಪುಟ 31.

ನಮ್ಮ ಮನೆಯವರಿಗೆ ಎಲ್ಲ ಓದಿ ಹೇಳಿದೆ. ಆ ಕೆಜಿ ಲೆಕ್ಕ ಅವರಿಗೆ ತಕ್ಷಣ ಹಿಡಿಸಿತು, ನೀರಿನ ಟ್ಯಾಂಕರಿಗೆ ದುಡ್ಡು ಕೊಡುವವರು ಅವರೇ ನೋಡಿ. ಹಳ್ಳಕ್ಕೆ ಬಿಡೋದೇ ಬೇಡ ಅಂದರು. ಪಕ್ಕದಲ್ಲಿ ನಮ್ಮದೇ ಹೊಲ ಇದೆ, ಅದರಲ್ಲಿ ಹಸಿ ಮೇವು ಬೆಳೆದು ಅದಕ್ಕೇ ಹಾಯಿಸಿದರೆ? ಆಗ ನಿಮ್ಮ ಪಟ್ಟಿಯ ಹೊಲದ ಕಾಲಂ ಬರುತ್ತಲ್ವಾ? ಇನ್ನೊಂದು ಭಯ. ಮಳೆಗಾಲದ ಶುರುವಿನಲ್ಲಿ ಮೀನು ಮೊಟ್ಟೆ ಇಡುವ ಸಮಯ ಅಂತ ಹಿಡಿಯೋದು ನಿಲ್ಲುತ್ತೆ. ಆಗ ಟ್ಯಾಂಕಿನ ಸೂಕ್ಷ್ಮಜೀವಿಗಳು ಸಾಯುತ್ತವಾ? ಮತ್ತೆ ಶುರು ಮಾಡೋದು ಹೇಗೆ?

ಚಿತ್ತಾಪುರ ಕೆಮಿಸ್ಟ್

ಮೇವಿಗೆ ಹಾಯಿಸೋದು ಒಳ್ಳೆಯ ದಾರಿ. ಆ ಕಾಲಂನಲ್ಲಿ ಬಿಓಡಿ 100, ತೇಲುವ ಕಣ 200, ಜಿಡ್ಡು 10. ಜಿಡ್ಡಿನಲ್ಲಿ ಮಾತ್ರ ರಿಯಾಯಿತಿ ಇಲ್ಲ, ಗ್ರೀಸ್ ಟ್ರ್ಯಾಪ್ (ಜಿಡ್ಡು ಹಿಡಿಯುವ ತೊಟ್ಟಿ) ದೊಡ್ಡದಾಗಿಯೇ ಕಟ್ಟಿಸಿ. ಆದರೆ ಸೀಫುಡ್ ಸಾಲಿನ 30 ಕೂಡ ಇದೆಯಲ್ಲ, ಯಾವುದು ಅಂತ ಕೊನೆಯ ಮಾತು ಮಂಡಳಿಯದು. ಕಟ್ಟುವ ಮೊದಲು ಒಂದು ಕನ್ಸೆಂಟ್, ಶುರು ಮಾಡುವ ಮೊದಲು ಇನ್ನೊಂದು. ಎರಡನೆಯದರಲ್ಲಿ ನಿಮಗೆ ಯಾವ ಅಂಕಿ ಬರೆಯುತ್ತಾರೋ ಅದೇ ನಿಮ್ಮ ಕಾನೂನು. ಅದಕ್ಕೆ ನಾನಾಗಿದ್ದರೆ ಪ್ಲಾಂಟನ್ನು 30ಕ್ಕೇ ಡಿಸೈನ್ ಮಾಡಿಸುತ್ತಿದ್ದೆ. ಉಪ್ಪು ಹಾಕಿದ ಮೀನಿನ ಕೆಲಸ ಮಾತ್ರ ಈ ಘಟಕದಲ್ಲಿ ಬೇಡ. ಎರೆ ಹೊಲಕ್ಕೆ ಉಪ್ಪು ನೀರು ಸೇರುತ್ತಾ ಹೋದರೆ ಮಣ್ಣು ಗಟ್ಟಿಯಾಗಿ ಮೇವೂ ಬರಲ್ಲ.

ಸೂಕ್ಷ್ಮಜೀವಿಗಳ ವಿಷಯ. ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯಲ್ಲ. ಫ್ಯಾಕ್ಟರಿಗೆ ಮೀನು ಕಡಿಮೆ, ಟ್ಯಾಂಕಿಗೆ ಊಟ ಇಲ್ಲ. ನಾವು ಬ್ಲೋವರನ್ನು ದಿನಕ್ಕೆ ಸ್ವಲ್ಪ ಹೊತ್ತು ಓಡಿಸಿ, ಬೆಲ್ಲ ಕರಗಿಸಿ ಹಾಕಿ ಜೀವ ಹಿಡಿಸುತ್ತಿದ್ದೆವು. ಆಗಸ್ಟಿನಲ್ಲಿ ಸಗಣಿ ಕದಡಿ ಸೋಸಿ ಹಾಕಿ ಮತ್ತೆ ಎಬ್ಬಿಸೋದು. ಪೂರ್ತಿ ಎದ್ದು ಕೂರೋಕೆ ವಾರಗಳು ಬೇಕು. ಅಷ್ಟರಲ್ಲಿ ಬೋಟುಗಳು ತುಂಬಿ ಬಂದಿರುತ್ತವೆ, ಮಾಲೀಕರು ಪೂರ್ತಿ ಲೋಡ್ ಓಡಿಸು ಅನ್ನುತ್ತಾರೆ. ವರ್ಷದ ಅತಿ ಕೊಳಕು ನೀರು ಹೊರಗೆ ಹೋಗೋದು ಆ ದಿನಗಳಲ್ಲೇ. ನೀವು ಶುರುವಿನ ದಿನಗಳಲ್ಲಿ ಅರ್ಧ ಮೀನು ಮಾತ್ರ ತಗೊಳ್ಳಿ. ಮೈದುನನಿಗೆ ಈಗಲೇ ಹೇಳಿಡಿ, ಆಮೇಲೆ ಕೇಳಲ್ಲ.

ಮತ್ತೆ ಮಳೆಗಾಲದಲ್ಲಿ ಹಸಿ ಇರುವ ಹೊಲ ನೀರು ಕುಡಿಯಲ್ಲ. ಆ ದಿನಗಳ ನೀರು ನಿಲ್ಲಿಸೋಕೆ ಒಂದು ತೊಟ್ಟಿ ಬೇಕು, ಅದನ್ನು ಡ್ರಾಯಿಂಗಿನಲ್ಲೇ ತೋರಿಸಿ. ಮೇವಿನ ಹೊಲದ ಪಹಣಿಯನ್ನೂ ರಿಪೋರ್ಟಿಗೆ ಲಗತ್ತಿಸಿ. ಎಷ್ಟು ಎಕರೆ ಅಂತ ಮಂಡಳಿಯವರು ಕೇಳೇ ಕೇಳುತ್ತಾರೆ.